ಮಾತಾಡಿಸಬೇಡಿ, ಬಿಪಿ ನೋಡ್ತಾ ಇದೀನಿ

ಬೆಳಿಗ್ಗೆ ಆರೂಕಾಲಿನಿಂದ ಹದಿನೈದು ನಿಮಿಷ ನಮ್ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿಲ್ಲ. ಟಿವಿ ಹಾಕುವ ಹಾಗಿಲ್ಲ. ಹಾಲಿನ ಹುಡುಗ ಬಂದು ಕೂಗಿದರೂ ನಾನು ಓಗೊಡುವುದಿಲ್ಲ. ಜಗಲಿಯ ಮೂಲೆಯಲ್ಲಿ ಒಂದು ಮರದ ಕುರ್ಚಿ. ಪಕ್ಕದಲ್ಲಿ ಹೊಲಿಗೆ ಮಷಿನ್ನಿನ ಹಳೇ ಟೇಬಲ್ಲು. ಅದರ ಮೇಲೆ ಒಂಬತ್ತು, ಹತ್ತನೇ ಕ್ಲಾಸಿನ ಗಣಿತ ಪುಸ್ತಕಗಳ ಒಂದು ಪೇರಿ. ಓದಲಿಕ್ಕಲ್ಲ, ಕೈ ಇಡಲಿಕ್ಕೆ. ಟೇಬಲ್ಲು ನನ್ನ ಎದೆಮಟ್ಟಕ್ಕಿಂತ ನಾಲ್ಕು ಇಂಚು ತಗ್ಗಿದೆ. ಕೈ ಒಂದು ಇಂಚು ತಗ್ಗಿದ್ದರೆ ಬಿಪಿ ಹತ್ತಿರ ಹತ್ತಿರ 2 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ನಾಲ್ಕು ಇಂಚಿಗೆ 8 ಆಯಿತು. ಆ ಎಂಟು ಪಾಯಿಂಟನ್ನು ಪಠ್ಯಪುಸ್ತಕ ಎತ್ತಿ ಹಿಡಿದಿದೆ.

ನಾನು ಸಾಗರದ ಹತ್ತಿರದ ಒಂದು ಹಳ್ಳಿಯವಳು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 53. ಎರಡೂವರೆ ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮುಂಚೆ ಹಾರ್ಟ್ ಸರಿ ಇದೆಯೋ ನೋಡೋಣ ಅಂತ ಶಿವಮೊಗ್ಗದಲ್ಲಿ ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್, ಮಾಡಿಸಿದರು. ಐದು ನಿಮಿಷದ ಕೆಲಸ ಅಂದಿದ್ದರು. ಡಾಕ್ಟರು ಅದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಲು ಶುರುಮಾಡಿದಾಗಲೇ ನನಗೆ ಏನೋ ಇದೆ ಅನ್ನಿಸಿತು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಕಂಡಾಗ ನಾವೂ ಹಾಗೇ ಅಲ್ವಾ, ಅದೇ ಸಾಲಿಗೆ ಮತ್ತೆ ಹೋಗುತ್ತೇವೆ.

ಹಾರ್ಟಿನಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಬಾಗಿಲಲ್ಲಿರುವ ಕವಾಟಕ್ಕೆ ಮೂರು ಎಸಳು ಇರಬೇಕು. ನನಗೆ ಎರಡೇ. ಹುಟ್ಟಿನಿಂದಲೇ ಹೀಗೆ. ಬೈಕಸ್ಪಿಡ್ ವಾಲ್ವ್ ಅಂತಾರೆ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಇರುತ್ತದಂತೆ. ಎಷ್ಟೋ ಜನರಿಗೆ ಅದು ಇರುವುದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಕವಾಟದ ಜೊತೆಗೆ ಅಯೋರ್ಟಾದ ಗೋಡೆಯೂ ಸ್ವಲ್ಪ ಸೋಲುತ್ತದೆ, ನಿಧಾನಕ್ಕೆ ಅಗಲವಾಗುತ್ತದೆ. ಮಾಮೂಲಿಯಾಗಿ ಮೂರು, ಮೂರೂವರೆ ಸೆಂಟಿಮೀಟರ್ ಇರಬೇಕಾದ್ದು ನನ್ನದು 4.6 ಇತ್ತು. ಆಮೇಲೆ ಮಣಿಪಾಲದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ 4.5 ಬಂತು. ಒಂದು ಮಿಲಿಮೀಟರ್ ಕಮ್ಮಿ ಆಯಿತು ಅಂತ ಹುಲಿಕಲ್ ಘಾಟಿ ಹತ್ತುವಾಗ ನಮ್ಮನೆಯವರು ಖುಷಿಪಟ್ಟರು. ಕಮ್ಮಿ ಆಗಿದ್ದಲ್ಲ, ಅಳೆದ ಮಷಿನ್ನು ಬೇರೆ ಅಂತ ನಾನು ಹೇಳಲಿಲ್ಲ. ಖುಷಿಯಾಗಿ ಡ್ರೈವ್ ಮಾಡಲಿ ಅಂತ ಸುಮ್ನೆ ಇದ್ದೆ.

ಸಾಮಾನ್ಯವಾಗಿ 5.5 ಮುಟ್ಟಿದರೆ ಆಪರೇಷನ್, ಕೆಲವರಿಗೆ 5ಕ್ಕೇ ಬೇಕಾಗಬಹುದು. ಅಲ್ಲಿಯ ತನಕ ವರ್ಷಕ್ಕೊಮ್ಮೆ ಅಳೆಯುವುದು, ಬಿಪಿಯನ್ನು ಹಿಡಿತದಲ್ಲಿಡುವುದು. ಭಯ ಇರುವುದು ಅಗಲವಾಗುವುದಕ್ಕಿಂತ ಬಿರುಕು ಬಿಡುವುದಕ್ಕೆ. ಒಳಪದರ ಹರಿದು ರಕ್ತ ಗೋಡೆಯ ಪದರಗಳ ನಡುವೆ ನುಗ್ಗಿದರೆ ಅದಕ್ಕೆ ಡಿಸೆಕ್ಷನ್ ಅಂತಾರೆ. ಅದಾದರೆ ಗಂಟೆಗಳ ಲೆಕ್ಕ.

ನನಗೆ ಇದನ್ನು ಸರಿಯಾಗಿ ಅರ್ಥ ಮಾಡಿಸಿದ್ದು ಡಾಕ್ಟರಲ್ಲ, ನಮ್ಮ ತೋಟದ ಪೈಪು. ಕೆರೆಯಿಂದ ಅಡಿಕೆ ತೋಟಕ್ಕೆ ಕರಿ ಪೈಪಿನ ಮೇನ್ ಲೈನ್ ಇದೆ. ಜಾಯಿಂಟಿನ ಹತ್ತಿರ ಒಂದು ಕಡೆ ಪೈಪು ಬಿಸಿಲಿಗೆ ಸೋತು ಉಬ್ಬಿಕೊಂಡಿತ್ತು. ಮೋಟರ್ ಓಡುತ್ತಿರುವಾಗ ಅದು ಸುಮ್ನೆ ಇರುತ್ತದೆ. ಕರೆಂಟ್ ಹೋಗಿ ಬಂದು ಮೋಟರ್ ದಢಕ್ಕನೆ ಎತ್ತಿಕೊಂಡಾಗ ಅಲ್ಲಿ ಒಂದು ಹೊಡೆತ ಬೀಳುತ್ತದೆ. ಪೈಪು ನೆಲದಿಂದ ಹಾವಿನ ಹಾಗೆ ಎದ್ದು ಬೀಳುತ್ತದೆ. ನಮ್ಮನೆಯವರು ಅದನ್ನು ತೋರಿಸಿ, "ಒಡೆಯೋದು ಯಾವಾಗ್ಲೂ ಇಲ್ಲೇ ಕಣೇ, ಅದೂ ಶುರುವಾಗೋ ಹೊಡೆತಕ್ಕೇ" ಅಂದರು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. ಆದರೆ ವಿಷಯ ಅಷ್ಟೇ. ಒತ್ತಡ ಅಷ್ಟೇ ಇದ್ದರೂ ಅಗಲವಾದ ಕೊಳವೆಯ ಗೋಡೆಗೆ ಬೀಳುವ ಬಿಗಿ ಜಾಸ್ತಿ. ಒತ್ತಡವನ್ನು ಅಗಲದಿಂದ ಗುಣಿಸಬೇಕು. ಉಬ್ಬಿದ ಜಾಗ ಮತ್ತೆ ಉಬ್ಬುವುದು ಅದಕ್ಕೇ. ಅದಕ್ಕೇ ಡಾಕ್ಟರು ಬಿಪಿ ಇಳಿಸುವ ಲೊಸಾರ್ಟನ್ ಜೊತೆಗೆ ಮೆಟೊಪ್ರೊಲಾಲ್ ಕೂಡ ಕೊಟ್ಟರು. ಅದು ಹಾರ್ಟಿನ ಬಡಿತವನ್ನು ನಿಧಾನ ಮಾಡುತ್ತದೆ, ಹೊಡೆತವನ್ನು ಮೆತ್ತಗೆ ಮಾಡುತ್ತದೆ. ಮೋಟರಿಗೆ ಮೆಲ್ಲಗೆ ಎತ್ತಿಕೊಳ್ಳುವ ಸ್ಟಾರ್ಟರ್ ಹಾಕಿದ ಹಾಗೆ. ಈ ಮಾತ್ರೆಯನ್ನು ನಾವೇ ತಟ್ಟಂತ ನಿಲ್ಲಿಸಬಾರದು. ಬಡಿತ, ಬಿಪಿ ಎರಡೂ ಒಮ್ಮೆಲೇ ಏರಿಬಿಡಬಹುದು.

ಈ "ಹೊಡೆತ ಮೆತ್ತಗೆ ಮಾಡು" ಅನ್ನುವ ಯೋಚನೆ ಎಲ್ಲಿಂದ ಬಂತು ಅಂತ ಓದುತ್ತಾ ಹೋದರೆ ಮಜಾ ಇದೆ. ಅಮೆರಿಕದ ಫಾರಂಗಳಲ್ಲಿ ಟರ್ಕಿ ಕೋಳಿಗಳು ಅಯೋರ್ಟಾ ಒಡೆದು ಸಾಯುತ್ತಿದ್ದವಂತೆ. ಮೇವಿನಲ್ಲಿ ರಿಸರ್ಪಿನ್ ಬೆರೆಸಿ ಕೊಟ್ಟರೆ ಸಾವು ಕಮ್ಮಿಯಾಯಿತು. 1965ರಲ್ಲಿ ಫ್ಲಾರಿಡಾದ ಡಾಕ್ಟರ್ ಮೈರನ್ ವೀಟ್ ಮತ್ತು ಜೊತೆಯವರು ಡಿಸೆಕ್ಷನ್ ಆದ ಮನುಷ್ಯರಿಗೂ ಔಷಧಿಯಿಂದಲೇ ಚಿಕಿತ್ಸೆ ಮಾಡಿ ಬರೆದರು. ಆ ರಿಸರ್ಪಿನ್ ಯಾವುದು ಗೊತ್ತಾ? ನಮ್ಮ ಸರ್ಪಗಂಧದ ಬೇರಿನದು. ಪಶ್ಚಿಮಘಟ್ಟದಲ್ಲೂ ಬೆಳೆಯುವ ಗಿಡ. ಸರ್ಪಗಂಧ ಬಿಪಿ ಇಳಿಸುತ್ತದೆ ಅಂತ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದವರು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್. ಇದನ್ನು ಹೇಳಿದ ಕೂಡಲೇ ನಮ್ಮ ಅತ್ತೆ, "ಹಾಗಾದ್ರೆ ಬೇರು ತಂದು ಕಷಾಯ ಮಾಡಿಕೊಡ್ಲಾ?" ಅಂದರು. ಬೇಡ ಅತ್ತೆ ಅಂದೆ. ಬೇರಿಗೆ ಮಿಲಿಗ್ರಾಂ ಲೆಕ್ಕ ಇರುವುದಿಲ್ಲ. ನೀವೂ ಮಾಡಬೇಡಿ.

ಬಿಪಿ ಮೇಲಿನದು 130ರ ಒಳಗೆ, ಕೆಳಗಿನದು 80ರ ಒಳಗೆ ಇರಬೇಕು. ತಲೆಸುತ್ತು ಬರದೇ ಇದ್ದರೆ ಮೇಲಿನದು 120ರ ಹತ್ತಿರ ಬಂದರೆ ಇನ್ನೂ ಒಳ್ಳೆಯದು. ಇದು ಡಾಕ್ಟರು ನನಗೆ ಹಾಕಿಕೊಟ್ಟ ಗೆರೆ. ನಿಮ್ಮದನ್ನು ನಿಮ್ಮ ಡಾಕ್ಟರು ಹೇಳಬೇಕು. ಗೆರೆ ಇದೆ ಅಂದಮೇಲೆ ಅಳೆಯಬೇಕಲ್ಲ. ಶುರುವಾಗಿದ್ದು ಅಲ್ಲಿಂದ.

ಮೊದಲು ತಂದಿದ್ದು ಮಣಿಕಟ್ಟಿಗೆ ಕಟ್ಟುವ ಮಷಿನ್ನು. ಚಿಕ್ಕದು, ಚೆಂದ ಇದೆ ಅಂತ ಮಗಳು ಬೆಂಗಳೂರಿನಿಂದ ಕಳಿಸಿದ್ದಳು. ಕೈ ತೊಡೆ ಮೇಲಿದ್ದರೆ ಒಂದು ಲೆಕ್ಕ, ಎದೆ ಹತ್ತಿರ ಹಿಡಿದರೆ ಇನ್ನೊಂದು ಲೆಕ್ಕ. ನಡುವೆ 20 ಪಾಯಿಂಟ್ ವ್ಯತ್ಯಾಸ. ಈಗ ಅದು ಅಟ್ಟದ ಮೇಲಿದೆ. ಎರಡನೆಯದು ತೋಳಿಗೆ ಕಟ್ಟುವ ಓಮ್ರಾನ್. ಅದರಲ್ಲಿ ಮೂರು ವಾರ ನನ್ನ ಬಿಪಿ 140ರ ಕೆಳಗೆ ಇಳಿಯಲೇ ಇಲ್ಲ. ಡಾಕ್ಟರ ಹತ್ತಿರ ಹೋದರೆ 128. ಮನೆಯಲ್ಲಿ 142. ಎಲ್ಲರಿಗೂ ಡಾಕ್ಟರ ಮುಂದೆ ಬಿಪಿ ಏರಿದರೆ ನನಗೆ ಮನೆಯಲ್ಲಿ ಏರುತ್ತಿತ್ತು. ಸಂಸಾರದ ಮೇಲೆ ಜೋಕು ಮಾಡಲಿಕ್ಕೆ ನಮ್ಮನೆಯವರಿಗೆ ಒಂದು ವಿಷಯ ಸಿಕ್ಕಿತು.

ಕಾರಣ ಕಫ್. ಮಷಿನ್ನಿನ ಜೊತೆ ಬರುವ ಪಟ್ಟಿಯ ಮೇಲೆ ಚಿಕ್ಕ ಅಕ್ಷರದಲ್ಲಿ 22–32 ಸೆಂ.ಮೀ. ಅಂತ ಬರೆದಿರುತ್ತದೆ. ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ಅಷ್ಟಿದ್ದವರಿಗೆ ಅದು. ನಾನು ಟೈಲರ್ ಟೇಪ್ ತೆಗೆದು ಅಳೆದೆ. 35. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ವೃತ್ತದ ಪರಿಧಿ ಬರೆದವಳು ಸ್ವಂತ ತೋಳಿನ ಪರಿಧಿ ನೋಡಿರಲಿಲ್ಲ! ಪಟ್ಟಿ ಚಿಕ್ಕದಾದರೆ ತೋರಿಸುವ ಬಿಪಿ ಜಾಸ್ತಿ. 22–42 ಅಂತ ಬರೆದ ದೊಡ್ಡ ಕಫ್ ಬೇರೆ ತರಿಸಿದೆ. ಅದೇ ಮಷಿನ್ನು, ಅದೇ ಕೈ, 129 ಬಂತು. ಮೂರು ವಾರದಿಂದ ನಿದ್ದೆ ಕೆಟ್ಟಿದ್ದು ಒಂದು ತುಂಡು ಬಟ್ಟೆಗೆ. ನಡುವೆ ಡಾಕ್ಟರು ನಾನು ಬಿಪಿ ಬರೆದಿಟ್ಟ ಪುಸ್ತಕ ನೋಡಿ ಮಾತ್ರೆ ಜಾಸ್ತಿ ಮಾಡಿದ್ದಿದ್ದರೆ ತಲೆಸುತ್ತಿ ಬೀಳುತ್ತಿದ್ದೆನೇನೋ. ಅವರು ಮಾಡಲಿಲ್ಲ. "ಮಷಿನ್ ತಗೊಂಡ್ ಬನ್ನಿ ಟೀಚರ್, ಇಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ" ಅಂದರು. ಆ ಒಂದು ಮಾತಿಗೆ ನಾನು ಅವರನ್ನು ಬಿಟ್ಟು ಬೇರೆ ಕಡೆ ಹೋಗಿಲ್ಲ.

ಎರಡೂ ಕೈಯಲ್ಲಿ ನೋಡಿ ಅಂದಿದ್ದೂ ಅವರೇ. ನನಗೆ ಬಲಗೈಯಲ್ಲಿ 6 ಪಾಯಿಂಟ್ ಜಾಸ್ತಿ. ಅಷ್ಟು ಇರುತ್ತದೆ, ತೊಂದರೆ ಇಲ್ಲ, ಜಾಸ್ತಿ ಇರುವ ಕೈಯನ್ನೇ ಹಿಡಿದುಕೊಳ್ಳಿ ಅಂದರು. ವ್ಯತ್ಯಾಸ ಹದಿನೈದು ಇಪ್ಪತ್ತು ಇದ್ದರೆ, ಅದರಲ್ಲೂ ಮುಂಚೆ ಇರದೇ ಈಗ ಬಂದಿದ್ದರೆ, ಅದನ್ನು ಹೇಳಲೇಬೇಕು. ನಮ್ಮಂಥವರಿಗೆ ಅದು ಬೇರೆಯದೇ ಸೂಚನೆ ಇರಬಹುದು.

ಈಗ ನನ್ನ ಬೆಳಗಿನ ಕ್ರಮ ಹೇಳುತ್ತೇನೆ. ಎದ್ದು ಬಚ್ಚಲಿಗೆ ಹೋಗಿ ಬರುತ್ತೇನೆ. ಮೂತ್ರ ಕಟ್ಟಿಕೊಂಡು ಕೂತರೆ ಹತ್ತು ಪಾಯಿಂಟ್ ಸುಮ್ನೆ ಸೇರಿಕೊಳ್ಳಬಹುದು. ಕಾಫಿ ಕುಡಿಯುವುದಿಲ್ಲ. ಇದೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅಷ್ಟು ಹೊತ್ತಿಗೆ ಅತ್ತೆ ಡಿಕಾಕ್ಷನ್ ಇಳಿಸಿರುತ್ತಾರೆ, ಮನೆಯೆಲ್ಲ ಪರಿಮಳ. ಮಾತ್ರೆಯೂ ಆಮೇಲೆ. ಕುರ್ಚಿಯಲ್ಲಿ ಬೆನ್ನು ಆನಿಸಿ, ಪಾದ ಎರಡೂ ನೆಲಕ್ಕಿಟ್ಟು, ಕಾಲ ಮೇಲೆ ಕಾಲು ಹಾಕದೆ ಕೂರುತ್ತೇನೆ. ನೈಟಿಯ ತೋಳು ಮೇಲಕ್ಕೆ ಸುತ್ತುವುದಿಲ್ಲ. ಸುತ್ತಿದರೆ ಅದೇ ಒಂದು ಕಟ್ಟು ಆಗುತ್ತದೆ. ತೋಳನ್ನು ಪೂರ್ತಿ ಹೊರಗೆ ತೆಗೆದು, ಬರಿ ಮೈ ಮೇಲೆ ಪಟ್ಟಿ ಕಟ್ಟಿ, ಮೇಲೆ ಶಾಲು ಹೊದ್ದುಕೊಳ್ಳುತ್ತೇನೆ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಒಳಗೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ಆಮೇಲೆ ಐದು ನಿಮಿಷ ಸುಮ್ನೆ ಕೂರುವುದು. ಫೋನ್ ಒಳಗೆ. ನಮ್ಮ ಮನೆಯ ಎದುರು ಹಲಸಿನ ಮರ ಇದೆ. ಅದನ್ನೇ ನೋಡುತ್ತೇನೆ. ಮಳೆಗಾಲದಲ್ಲಿ ಅದೂ ಕಾಣುವುದಿಲ್ಲ, ಬರೀ ಸದ್ದು.

ಆಮೇಲೆ ಬಟನ್. ಪಟ್ಟಿ ಉಬ್ಬುತ್ತದೆ, ತೋಳು ಬಿಗಿಯುತ್ತದೆ, ಒಂದು ಕ್ಷಣ ಬೆರಳ ತುದಿಯಲ್ಲಿ ನಾಡಿ ಡಬ್ ಡಬ್ ಅನ್ನುತ್ತದೆ. ಗಾಳಿ ಇಳಿಯುವಾಗ ತೋಳಿನ ನಾಳದ ಅದುರನ್ನು ಮಷಿನ್ನು ಹಿಡಿದುಕೊಂಡು ಲೆಕ್ಕ ಹಾಕುತ್ತದೆ. ಅದಕ್ಕೇ ಆಗ ಮಾತಾಡಬಾರದು, ಕೈ ಅಲ್ಲಾಡಿಸಬಾರದು. ಮೊದಲನೆಯದು ಬಂದ ಮೇಲೆ ಒಂದು ನಿಮಿಷ ಬಿಟ್ಟು ಎರಡನೆಯದು. ಎರಡನ್ನೂ ಬರೆಯುತ್ತೇನೆ. ಚೆಂದ ಇರುವುದನ್ನು ಮಾತ್ರ ಬರೆಯುವ ಹಾಗಿಲ್ಲ. ಆ ಆಸೆ ಎಷ್ಟಿರುತ್ತದೆ ಅಂದರೆ, ನಕಲು ಹೊಡೆಯುವ ಮಕ್ಕಳ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿದುಹೋಗಿದೆ. ಸಂಜೆ ಊಟಕ್ಕೆ ಮುಂಚೆ ಮತ್ತೆ ಎರಡು ಸಲ.

ಮೊದಲ ತಿಂಗಳು ಹೀಗಿರಲಿಲ್ಲ. ಒಂದು ಭಾನುವಾರ ನೆಂಟರು ಬಂದಿದ್ದರು. ಅಡುಗೆಮನೆ ಜಗಲಿ ಅಂತ ಹತ್ತಾರು ಸಲ ಓಡಾಡಿ, ಹಾಗೇ ಕೂತು, ಮಾತಾಡುತ್ತಲೇ ಬಟನ್ ಒತ್ತಿದೆ. 152. ಎದೆ ಧಸಕ್ ಅಂದಿತು. ಮತ್ತೆ ಒತ್ತಿದೆ, 157. ಮತ್ತೆ, 161. ನೋಡಿದಷ್ಟೂ ಏರುತ್ತಿತ್ತು, ಏರಿದಷ್ಟೂ ನೋಡುತ್ತಿದ್ದೆ. ಊಟಕ್ಕೆ ಕರೆದರೂ ಎದ್ದು ಹೋಗಲಿಲ್ಲ. ಹದಿನೇಳು ಸಲ. ಲೆಕ್ಕ ಹೇಗೆ ಗೊತ್ತು ಅಂದರೆ ಮಷಿನ್ನಿನಲ್ಲಿ ಉಳಿದಿತ್ತು. ತೋಳಿನ ಮೇಲೆ ಕೆಂಪು ಚುಕ್ಕಿ ಎದ್ದಿತ್ತು. ಕೊನೆಗೆ ನಮ್ಮನೆಯವರು ಏನೂ ಮಾತಾಡದೆ ಮಷಿನ್ನು ಎತ್ತಿಕೊಂಡು ಹೋಗಿ ಬೀರುವಿಗೆ ಹಾಕಿ ಬೀಗ ಹಾಕಿದರು. ಬೀಗದ ಕೈ ಜೇಬಿಗೆ. ನಾನು ಅತ್ತುಕೊಂಡು ಜಗಳ ಆಡಿದೆ. ಎದೆನೋವು ಇಲ್ಲ, ಬೆನ್ನುನೋವು ಇಲ್ಲ, ಏನೂ ಇಲ್ಲ, ಬರೀ ಆ ನಂಬರು. ಎರಡು ಗಂಟೆ ಬಿಟ್ಟು ಅವರೇ ತಂದುಕೊಟ್ಟರು. 131.

ಆಮೇಲೆ ಡಾಕ್ಟರು ಒಂದು ಮಾತು ಕೇಳಿದರು. "ಟೀಚರ್, ಒಂದು ಹುಡುಗ ಒಂದು ಟೆಸ್ಟಲ್ಲಿ ಕಮ್ಮಿ ತೆಗೆದ್ರೆ ಫೇಲ್ ಅಂತ ಬರೀತೀರಾ?" ಏಳು ದಿನ ನೋಡಿ, ಮೊದಲ ದಿನದ್ದು ಬಿಟ್ಟುಬಿಡಿ, ಉಳಿದ ಆರು ದಿನದ ಇಪ್ಪತ್ತನಾಲ್ಕರ ಸರಾಸರಿ ತೆಗೆಯಿರಿ, ನನಗೆ ಅದೊಂದೇ ನಂಬರ್ ಸಾಕು ಅಂದರು. ಸರಾಸರಿ, ಮಧ್ಯಾಂಕ ಎಲ್ಲ ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವವಳು. ಒಂದೊಂದು ಅಂಕಿ ಕುಣಿದರೂ ಸರಾಸರಿ ಕುಣಿಯುವುದಿಲ್ಲ ಅಂತ ಮಕ್ಕಳಿಗೆ ಹೇಳಿದವಳು. ನನ್ನ ಮೈಗೆ ಬಂದಾಗ ಮರೆತಿದ್ದೆ. ಒಳ್ಳೆಯ ಮಷಿನ್ನಿಗೂ ಮೂರ್ನಾಲ್ಕು ಪಾಯಿಂಟ್ ಆಚೀಚೆ ಇದ್ದೇ ಇರುತ್ತದೆ. 124ಕ್ಕೂ 127ಕ್ಕೂ ನಡುವೆ ನಾನು ಕಥೆ ಕಟ್ಟುತ್ತಿದ್ದೆ. ನಿನ್ನೆ ಬೆಂಡೆಕಾಯಿ ತಿಂದೆ, ಅದಕ್ಕೆ ಇಳಿಯಿತು. ಇವತ್ತು ತಲೆಗೆ ನೀರು ಹಾಕಿಕೊಂಡೆ, ಅದಕ್ಕೆ ಏರಿತು.

ಈಗ ಮಾತ್ರೆ ಬದಲಾದಾಗ, ಡಾಕ್ಟರ ಹತ್ತಿರ ಹೋಗುವ ಮುಂಚಿನ ವಾರ, ಮತ್ತು ಚಳಿ ಶುರುವಾದಾಗ ಹೀಗೆ ಏಳು ದಿನ ಪೂರ್ತಿ ನೋಡುತ್ತೇನೆ. ಉಳಿದಂತೆ ವಾರಕ್ಕೆ ಎರಡು ದಿನ. ಚಳಿಗಾಲದಲ್ಲಿ ನನ್ನ ಸರಾಸರಿ ಆರೇಳು ಪಾಯಿಂಟ್ ಮೇಲೆ ಹೋಗುತ್ತದೆ. ಚಳಿಯಲ್ಲಿ ಬಿಪಿ ಏರುವುದು ಎಲ್ಲರಿಗೂ ಇದ್ದದ್ದೇ. ಡಿಸೆಕ್ಷನ್ ಕೂಡ ಚಳಿಗಾಲದಲ್ಲಿ, ಬೆಳಗಿನ ಹೊತ್ತಿನಲ್ಲಿ ಜಾಸ್ತಿ ಅಂತ ಓದಿದ ಮೇಲೆ ನಾನು ಜನವರಿಯಲ್ಲಿ ಎದ್ದ ಕೂಡಲೇ ಅಂಗಳಕ್ಕೆ ಇಳಿಯುವುದು ಬಿಟ್ಟಿದ್ದೇನೆ. ರಂಗೋಲಿ ಬಿಸಿಲು ಬಂದ ಮೇಲೆ.

ನನ್ನ ಹಳೇ ಫೈಲಿನ ಬಗ್ಗೆ ಒಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ. ಇದು ಪತ್ತೆಯಾಗುವ ಮುಂಚೆ ಏಳೆಂಟು ವರ್ಷ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಅಲ್ಲಿ ಬಾಗಿಲಲ್ಲೇ ನಿಲ್ಲಿಸಿ, ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ, "ಏನ್ ಟೀಚರ್, ರಜೆ ಯಾವಾಗ" ಅಂತ ಮಾತಾಡಿಸುತ್ತಲೇ ಬಿಪಿ ನೋಡುತ್ತಿದ್ದರು. ಮೊನ್ನೆ ಆ ಚೀಟಿಗಳನ್ನು ತೆಗೆದು ನೋಡಿದೆ. ಹದಿನಾಲ್ಕು ಚೀಟಿ. ಹನ್ನೊಂದರಲ್ಲಿ ಕೊನೆಯ ಅಂಕಿ ಸೊನ್ನೆ. 130/80, 130/80, 120/80, 130/80. ಗಡಿಯಾರದ ಹಾಗಿರುವ ಆ ಮೀಟರಿನಲ್ಲಿ ಗೆರೆ ಎರಡೆರಡಕ್ಕೆ ಇರುತ್ತದೆ. ಹಾಗಾಗಿ ಕೊನೆಗೆ 0, 2, 4, 6, 8 ಬರಬೇಕು. ನಿಜವಾಗಿ ನೋಡಿದ್ದರೆ ಐದರಲ್ಲಿ ಒಂದು ಸಲ ಸೊನ್ನೆ ಬರಬೇಕಿತ್ತು, ಹದಿನಾಲ್ಕರಲ್ಲಿ ಹತ್ತಿರ ಹತ್ತಿರ ಮೂರು. ಹನ್ನೊಂದು ಬಂದಿದೆ ಅಂದರೆ ಅದು ನನ್ನ ಬಿಪಿ ಅಲ್ಲ, ಬರೆದವರ ಅಂದಾಜು. ಆ ವರ್ಷಗಳಲ್ಲಿ ನನ್ನ ಬಿಪಿ ನಿಜಕ್ಕೂ ಎಷ್ಟಿತ್ತು ಅನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಉಪ್ಪು. ನಮ್ಮ ಕಡೆಯವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯುವುದಿಲ್ಲ. ಮಿಡಿಯನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿ ಮುಳುಗಿಸಿಟ್ಟು ಆಮೇಲೆ ಖಾರ ಬೆರೆಸುವುದು. ದಿನಕ್ಕೆ ಎಲ್ಲ ಸೇರಿ 5 ಗ್ರಾಮಿನ ಒಳಗೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಿಕ್ಕ ಚಮಚ. ನನ್ನ ಪಾಲಿನ ಅರ್ಧ ಉಪ್ಪಿನಕಾಯಿಯಲ್ಲೇ ಹೋಗುತ್ತಿತ್ತು. ಪೂರ್ತಿ ಬಿಟ್ಟಿದ್ದೇನೆ ಅಂದರೆ ಸುಳ್ಳು. ಹಬ್ಬಕ್ಕೆ ಒಂದು ಮಿಡಿಯ ಕಾಲು ಭಾಗ, ಅದನ್ನೂ ತೊಳೆದು. ಅತ್ತೆ ನೋಡಲಾರದೆ ಮುಖ ತಿರುಗಿಸುತ್ತಾರೆ. ಹಲಸಿನ ಹಪ್ಪಳಕ್ಕೆ ಈ ವರ್ಷ ಉಪ್ಪು ಅರ್ಧ ಹಾಕಿದೆವು, ಯಾರೂ ಕಂಡುಹಿಡಿಯಲಿಲ್ಲ. ತಂಬುಳಿಗೆ ಉಪ್ಪೇ ಹಾಕದೆ ಒಂದೆಲಗ ಜಾಸ್ತಿ ಹಾಕಿದರೆ ನಡೆಯುತ್ತದೆ. ಬೇಕರಿ ಖಾರ ಬಿಟ್ಟಿದ್ದು ಮಾತ್ರ ಸುಲಭವಾಗಿತ್ತು. ಅದು ಮೊದಲೇ ಇಷ್ಟ ಇರಲಿಲ್ಲ.

ಎತ್ತುವುದು ಬಿಟ್ಟಿದ್ದೇನೆ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ. ಅದನ್ನು ಉಸಿರು ಬಿಗಿಹಿಡಿದು ಎತ್ತುವಾಗ ಬಿಪಿ ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿದ್ದೀರಾ? ಭಾರ ಎತ್ತುವ ಗಟ್ಟಿಮುಟ್ಟಾದ ಹುಡುಗರ ನಾಳದೊಳಗೇ ನಳಿಕೆ ಇಟ್ಟು ಅಳೆದಾಗ 300 ದಾಟಿತ್ತಂತೆ. ಕೆಲವು ಕ್ಷಣ ಅಷ್ಟೇ, ಅವರಿಗೆ ಏನೂ ಆಗಲಿಲ್ಲ. ನನ್ನ ಪೈಪಿಗೆ ಆ ಕೆಲವು ಕ್ಷಣ ಬೇಡ. ಬಾವಿಯಿಂದ ಕೊಡ ಎತ್ತುವುದಿಲ್ಲ, ಅಡಿಕೆ ಚೀಲಕ್ಕೆ ಕೈ ಹಾಕುವುದಿಲ್ಲ. ನಡೆಯುತ್ತೇನೆ, ದಿನಾ ಮುಕ್ಕಾಲು ಗಂಟೆ, ಮಾತಾಡಿಕೊಂಡು ನಡೆಯುವಷ್ಟು ವೇಗದಲ್ಲಿ. ಇನ್ನೊಂದು ಮುಜುಗರದ ವಿಷಯ ಇದೆ, ಹೇಳಿಯೇ ಬಿಡುತ್ತೇನೆ. ಮಲಬದ್ಧತೆ. ಇಂಗ್ಲೆಂಡಿನ ರಾಜ ಎರಡನೇ ಜಾರ್ಜ್ 1760ರಲ್ಲಿ ಬೆಳಿಗ್ಗೆ ಕಕ್ಕಸಿಗೆ ಹೋದಾಗ ಬಿದ್ದು ಸತ್ತ. ಅವನ ವೈದ್ಯ ಕೊಯ್ದು ನೋಡಿದಾಗ ಅಯೋರ್ಟಾದಲ್ಲಿ ಬಿರುಕು ಇತ್ತು. ತಿಣುಕಬಾರದು. ರಾತ್ರಿ ಇಸಬ್ಗೋಲು, ಬೆಳಿಗ್ಗೆ ಪಪ್ಪಾಯ. ರಾಜನ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಮಾಜದ ಮೇಷ್ಟ್ರು, "ನಮ್ಮ ಪಾಠದಲ್ಲಿ ಇದು ಇಲ್ವಲ್ಲ ಮೇಡಂ" ಅಂದರು.

ಎಲ್ಲಕ್ಕಿಂತ ಹೆಚ್ಚು ಹುಷಾರಾಗಿರುವುದು ಮೆಡಿಕಲ್ ಶಾಪಿನಲ್ಲಿ. ಕಳೆದ ವರ್ಷ ಮದುವೆ ಊಟ ಮಾಡಿ ಭೇದಿ ಶುರುವಾಯಿತು. ನಮ್ಮನೆಯವರು ಅಂಗಡಿಗೆ ಹೋಗಿ ಹೇಳಿದರೆ ಚೀಟಿ ಗೀಟಿ ಏನೂ ಕೇಳದೆ ಮಾತ್ರೆ ಕೊಟ್ಟರು. ಪಟ್ಟಿ ತಿರುಗಿಸಿ ಓದಿದೆ. ಓಫ್ಲಾಕ್ಸಾಸಿನ್. ಓಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಹೀಗೆ "ಫ್ಲಾಕ್ಸಾಸಿನ್" ಅಂತ ಮುಗಿಯುವ ಆಂಟಿಬಯಾಟಿಕ್‌ಗಳನ್ನು ಅಯೋರ್ಟಾ ಉಬ್ಬಿದವರಿಗೆ, ಬೇರೆ ದಾರಿಯೇ ಇಲ್ಲದಿದ್ದರೆ ಬಿಟ್ಟು, ಕೊಡಬೇಡಿ ಅಂತ ಅಮೆರಿಕದ ಔಷಧ ಇಲಾಖೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ನಮ್ಮ ಕಡೆ ಅದು ಪೆಪ್ಪರ್‌ಮಿಂಟಿನ ಹಾಗೆ ಸಿಗುತ್ತದೆ. ವಾಪಸ್ ಕಳಿಸಿದೆ. ಓಆರ್‌ಎಸ್ ಕುಡಿದು ಎರಡು ದಿನದಲ್ಲಿ ಸರಿಹೋಯಿತು. ಮೂಗು ಕಟ್ಟಿದಾಗ ಕೊಡುವ ಕೆಲವು ಶೀತದ ಮಾತ್ರೆ, ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಇವೂ ಬಿಪಿ ಏರಿಸಬಲ್ಲವು. ಈಗ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ಒಂದು ಬದಿಯಲ್ಲಿ ನನಗೆ ಏನಿದೆ, ಎಷ್ಟು ಸೆಂಟಿಮೀಟರ್, ಯಾವ ಮಾತ್ರೆ. ಇನ್ನೊಂದು ಬದಿಯಲ್ಲಿ, ಕನ್ನಡದಲ್ಲಿ ದಪ್ಪಗೆ: ಎದೆಯಲ್ಲೋ ಬೆನ್ನಿನಲ್ಲೋ ಒಮ್ಮೆಲೇ ಹರಿದ ಹಾಗೆ ನೋವು ಬಂದರೆ ಗ್ಯಾಸ್ ಅನ್ನಬೇಡಿ. ಮನೆಯಲ್ಲಿ ಬಿಪಿ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಅಯೋರ್ಟಾ ಅಂತ ಹೇಳಿ, ಸಿಟಿ ಮಾಡಲು ಕೇಳಿ. ಅದನ್ನೇ ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಟ್ಟರೆ ಕಷ್ಟ.

ಒಡಹುಟ್ಟಿದವರೂ ಮಕ್ಕಳೂ ಒಂದು ಸಲ ಎಕೋ ಮಾಡಿಸಬೇಕು ಅಂದಿದ್ದರು. ಮಗಳು ಮರುವಾರವೇ ಮಾಡಿಸಿದಳು, ಸರಿ ಇದೆ. ತಮ್ಮ ಎಂಟು ತಿಂಗಳು ಎಳೆದ. "ಅಕ್ಕಾ, ನಂಗೇನಾಗಿದೆ, ದಿನಾ ಗುಡ್ಡ ಹತ್ತಿ ಇಳೀತೀನಿ" ಅಂತ. ಕೊನೆಗೆ ರಾಖಿ ಕಟ್ಟಿಸಿಕೊಳ್ಳಲು ಬಂದವನನ್ನು ಹಾಗೇ ಕಾರಿಗೆ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೋದೆವು. ಮೂರು ಎಸಳು, 3.2. ವಾಪಸ್ ಬರುವಾಗ ಅವನೇ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ.

ಹೋದ ಅಕ್ಟೋಬರ್‌ನ ಸಿಟಿಯಲ್ಲೂ ನನ್ನದು 4.5. ನೋಟ್‌ಬುಕ್ ಈಗ ಮೂರನೆಯದು. ಕಳೆದ ವಾರದ ಸರಾಸರಿ 121/74, ನಾಡಿ 61.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ನಮ್ಮನೆಯವರು ಕುರ್ಚಿ ಪಕ್ಕದಲ್ಲಿ ನಿಂತಿದ್ದರು. "ನಂದೂ ಒಂದ್ಸಲ ನೋಡೇ, ಸುಮ್ನೆ" ಅಂದರು. ಎರಡು ದಿನದಿಂದ ತಲೆ ಭಾರ ಅಂತಿದ್ದರು. ಕೂರಿಸಿ, ಐದು ನಿಮಿಷ ಬಿಟ್ಟು ಒತ್ತಿದೆ. 158/96. ಒಂದು ನಿಮಿಷ ಬಿಟ್ಟು, 154/95.

"ಕಫ್ ಸರಿ ಇಲ್ಲ" ಅಂದರು ತಕ್ಷಣ. "ನೀನೇ ಹೇಳಿದ್ಯಲ್ಲ, ಕಫ್ ಸರಿ ಇಲ್ದಿದ್ರೆ ಜಾಸ್ತಿ ತೋರಿಸುತ್ತೆ ಅಂತ."

ಅದು ಚಿಕ್ಕದಾದರೆ. ದೊಡ್ಡದಾದರೆ ಕಮ್ಮಿ ತೋರಿಸುತ್ತದೆ ಅಂತ ಹೇಳಲಿಲ್ಲ. ಟೇಪ್ ತಂದು ತೋಳು ಅಳೆದೆ. 28. ಅಟ್ಟದಿಂದ ಹಳೇ ಡಬ್ಬ ಇಳಿಸಿ, ನನಗೆ ಮೂರು ವಾರ ನಿದ್ದೆ ಕೆಡಿಸಿದ್ದ ಆ ಚಿಕ್ಕ ಪಟ್ಟಿ ತೆಗೆದೆ. ಅವರಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಅವರ ಹೆಸರು ಬರೆದೆ.

"ಏಳು ದಿನ" ಅಂದೆ. "ಬೆಳಿಗ್ಗೆ ಎರಡು, ಸಂಜೆ ಎರಡು."

"ಇವತ್ತಿಂದು ಲೆಕ್ಕಕ್ಕಿಲ್ಲ ತಾನೇ? ಮೊದಲನೇ ದಿನ ಬಿಡ್ಬೇಕು ಅಂತಿದ್ದೆ."

"ಹೂಂ, ಇವತ್ತಿಂದು ಬಿಡೋಣ. ಈಗ ಮಾತಾಡ್ಬೇಡಿ."